ಟವೆಲಿನ ಕೆಳಗೆ ವಿಯೆನ್ನಾ

ವ್ಯಾಪಾರ ಮಾಡುವವನಿಗೆ ಎದ್ದು ಹೋಗಲು ಬರಬೇಕು. ಕೊಳ್ಳುವುದು ಯಾರಿಗಾದರೂ ಬರುತ್ತದೆ. ಕೊಳ್ಳದೆ ಎದ್ದು ಹೋಗುವುದನ್ನು ಮಾತ್ರ ಕಲಿಯಬೇಕಾಗುತ್ತದೆ. ಚಪ್ಪಲಿ ಮೆಟ್ಟುವಾಗ ಅವಸರ ತೋರಿಸಬಾರದು, ತಿರುಗಿ ನೋಡಬಾರದು, ಹೆಜ್ಜೆ ಸಣ್ಣದಾಗಿರಬೇಕು. ಬೀದಿಯ ತಿರುವು ಮುಟ್ಟುವುದರೊಳಗೆ ಹಿಂದಿನಿಂದ "ಬರ್ರಿ ಇಲ್ಲೆ, ಒಂದ್ ಮಾತು" ಎಂಬ ದನಿ ಬಂದೇ ಬರುತ್ತದೆ. ಎತ್ತು, ಟ್ರ್ಯಾಕ್ಟರು, ಬಳ್ಳಾರಿ ಸತ್ಯನಾರಾಯಣಪೇಟೆಯ ಈ ಮನೆ, ಮಗಳ ಮದುವೆಯ ಬೆಳ್ಳಿ ಸಾಮಾನು, ಎಲ್ಲವನ್ನೂ ನಾನು ಹೀಗೆಯೇ ಕೊಂಡವನು.

ಬಳ್ಳಾರಿಯ ಟ್ರಾವೆಲ್ ಆಫೀಸಿನಲ್ಲೂ ಹಾಗೇ ಎದ್ದೆ. ನಾನು ಕೇಳಿದ್ದು ವಿಯೆನ್ನಾಕ್ಕೆ. ಯುರೋಪಿನಲ್ಲಿ ಆಸ್ಟ್ರಿಯಾ ಅಂತ ಒಂದು ದೇಶ, ಅದರ ರಾಜಧಾನಿ. ಹಳೆಯ ಅರಮನೆಗಳ ಊರು. ಹೋಗಿ ನಾಲ್ಕು ರಾತ್ರಿ ಇದ್ದು, ಒಂದಿಷ್ಟು ನೋಡಿ ಬರುವುದು, ಅಷ್ಟೇ. ಅಲ್ಲಿಯ ಹುಡುಗಿ ಕಂಪ್ಯೂಟರನ್ನು ನನ್ನ ಕಡೆ ತಿರುಗಿಸಿ ದರ ತೋರಿಸಿದಳು.

"ಇದು ಜೋಡಿ ರೇಟು ಅಂಕಲ್. ಒಬ್ಬರೇ ಆದ್ರ ಬ್ಯಾರೆ."

"ಒಬ್ಬರೇ ಆದ್ರ ಅರ್ಧ ಆಗಬೇಕಲ್ಲ ತಾಯಿ."

"ಆಗಲ್ಲ ಅಂಕಲ್. ಬಾಡಿಗಿ ರೂಮಿಗಿ ಇರತೈತಿ, ಮಂದಿಗಲ್ಲ."

"ಹಂಗಾರ ವಿಚಾರ ಮಾಡ್ತೀನಿ" ಎಂದು ಎದ್ದೆ.

"ಆಯ್ತು ಅಂಕಲ್, ಆರಾಮಾಗಿ ಮಾಡ್ರಿ" ಎಂದಳು.

ಎದುರಿಗಿನ ಚಹಾದ ಅಂಗಡಿಯಲ್ಲಿ, ಗಾಜಿನ ಬಾಗಿಲಿನಿಂದ ಅವಳಿಗೆ ಚೆನ್ನಾಗಿ ಕಾಣುವಂತೆ ಕುಳಿತೆ. ಒಂದು ಚಹಾ ಮುಗಿಯಿತು. ಇನ್ನೊಂದು ಹೇಳಿದೆ. ಆಕೆ ಡಬ್ಬಿ ಬಿಚ್ಚಿ ಊಟ ಮಾಡಿದಳು, ಕೈ ತೊಳೆದಳು, ಫೋನು ನೋಡುತ್ತಾ ಕುಳಿತಳು. ಯಾರೂ ಕರೆಯಲಿಲ್ಲ. ಮರುದಿನ ಹೋದರೆ ದರ ಏರಿತ್ತು.

"ನಿನ್ನಿ ಹೇಳಿದ್ದು ಒಂದು, ಇವತ್ತ ಒಂದು. ಇದೆಂಥ ವ್ಯಾಪಾರ ತಾಯಿ?"

"ನಾನೇನ್ ಮಾಡ್ಲಿ ಅಂಕಲ್, ಕಂಪ್ಯೂಟರ್ ತೋರಿಸಿದ್ದು. ನೀವು ಎದ್ದು ಹೋಗಿದ್ದು ಅದಕ್ಕ ಹೆಂಗ ಗೊತ್ತಾಗಬೇಕು?"

ಆ ಹುಡುಗಿ ಒಳ್ಳೆಯವಳು, ತಮಾಷೆಗೆ ಹಾಗೆಂದಳು. ನಾನೂ ನಕ್ಕೆ. ಆದರೆ ಮನೆಗೆ ಬಂದು ಅನ್ನಕ್ಕಿಟ್ಟಾಗ ಆ ಮಾತು ಮತ್ತೆ ನೆನಪಾಯಿತು. ಹೆಂಡತಿ ತೀರಿಕೊಂಡ ಮೇಲೆ ನಾನು ಮನೆಯಿಂದ ಎದ್ದು ಎಲ್ಲಿಗಾದರೂ ಹೋದರೆ ಗೊತ್ತಾಗುವವರು ಯಾರೂ ಉಳಿದಿಲ್ಲ. ಮಗಳು ರಾಯಚೂರಿನಲ್ಲಿ ತನ್ನ ಸಂಸಾರದಲ್ಲಿ ಸುಖವಾಗಿದ್ದಾಳೆ. ವಾರಕ್ಕೊಮ್ಮೆ ಫೋನು ಮಾಡಿ ಬಿ.ಪಿ. ಗುಳಿಗೆ ತಗೊಂಡ್ಯಾ ಎಂದು ಕೇಳುತ್ತಾಳೆ. ಮೊದಲು ಬೆಳಗಾದರೆ ನನ್ನ ಫೋನು ಬಿಡುವಿಲ್ಲದೆ ಬಡಿದುಕೊಳ್ಳುತ್ತಿತ್ತು. ಈಗ ಬರುವುದು ಸಾಲ ಬೇಕೇ ಎಂದು ಕೇಳುವವರದು ಮಾತ್ರ. ಅವರನ್ನೂ ನಾನು ಬೇಗ ಬಿಡುವುದಿಲ್ಲ. ಬಡ್ಡಿ ಎಷ್ಟು, ಇನ್ನೂ ಇಳಿಸುತ್ತೀರಾ, ನಿಮ್ಮ ಮ್ಯಾನೇಜರನ್ನು ಕೇಳಿ ಹೇಳಿ ಎಂದು ಅರ್ಧ ಗಂಟೆ ಎಳೆದು, ಕೊನೆಗೆ ಬೇಡ ಎನ್ನುತ್ತೇನೆ. ಪಾಪ, ಅವರಿಗೂ ಮಾತು ಸಿಗುತ್ತದೆ, ನನಗೂ.

ವಿಯೆನ್ನಾದ ಹುಚ್ಚು ಹಿಡಿಸಿದವನು ಸಿರುಗುಪ್ಪದ ನನ್ನ ಗೆಳೆಯ. ಎತ್ತಿನ ಸಂತೆಗಳಲ್ಲಿ ನಾವಿಬ್ಬರೂ ದಲಾಲಿಗಳು. ನಾನು ಕುರುಗೋಡಿನವನು, ಮಾರುವವರ ಕಡೆಯಿಂದ ಮಾತಾಡುತ್ತಿದ್ದೆ. ಅವನು ಕೊಳ್ಳುವವರ ಕಡೆಯವನು. ಕಾಲುವೆ ಬಯಲಿನಲ್ಲಿ ಟ್ರ್ಯಾಕ್ಟರು ಹೆಚ್ಚಾಗಿ ಎತ್ತು ಕಡಿಮೆಯಾದಾಗ ಇಬ್ಬರೂ ಸೇರಿ ಹಳೆಯ ಟ್ರ್ಯಾಕ್ಟರುಗಳ ವ್ಯಾಪಾರಕ್ಕೆ ಇಳಿದೆವು. ಎದುರಾಳಿಯಾಗಿ ವರ್ಷಗಟ್ಟಲೆ ಜಗಳಾಡಿದವನನ್ನೇ ಪಾಲುದಾರ ಮಾಡಿಕೊಳ್ಳಬೇಕು ಎಂದು ಈಗಿನ ಹುಡುಗರಿಗೆ ನಾನು ಹೇಳುವುದು ಈ ಕಾರಣಕ್ಕೆ. ಅವನ ಮೋಸವೆಲ್ಲ ನಿಮಗೆ ಮೊದಲೇ ಗೊತ್ತಿರುತ್ತದೆ.

ಎರಡು ವರ್ಷದ ಹಿಂದೆ ಸಿರುಗುಪ್ಪದ ಒಂದು ಅಕ್ಕಿ ಮಿಲ್ಲಿನ ಮುಂದೆ ಯಾರಿಗೋ ಕಾಯುತ್ತಾ ಕುಳಿತಿದ್ದಾಗ ಅವನು ಫೋನಿನಲ್ಲಿ ಒಂದು ವಿಡಿಯೋ ತೋರಿಸಿದ. ಅರಮನೆಯಂಥ ಒಂದು ದೊಡ್ಡ ಕೋಣೆ, ಮೇಲೆ ತೂಗುದೀಪ, ಕೆಳಗೆ ಬಿಳಿಯ ಕುದುರೆಗಳು. ಓಡುತ್ತಿಲ್ಲ, ಸಂಗೀತಕ್ಕೆ ತಕ್ಕಂತೆ ಒಂದೊಂದೇ ಕಾಲು ಎತ್ತಿ ಇಡುತ್ತಿವೆ.

"ಲೇ, ಇವು ಕುದುರಿ ಅಲ್ಲಲೇ, ಬೀಗರು. ಮದುವಿ ಮನಿಗಿ ಬಂದಂಗ ಕಾಲು ಇಡತಾವು ನೋಡು" ಎಂದ.

"ಯಾವೂರವು?"

"ವಿಯೆನ್ನಾ ಅಂತ ಬರದಾರ. ಹೋಗಿ ಹಲ್ಲು ನೋಡ್ಕೊಂಡು ಬರಾನ ನಡಿ."

ಹಲ್ಲು ನೋಡಿ ಎತ್ತಿನ ವಯಸ್ಸು ಹೇಳುವುದು ನಮ್ಮ ಕಸುಬು; ಯಾವ ಪ್ರಾಣಿ ಕಂಡರೂ ಅವನು ಹೀಗೇ. ಕುರುಗೋಡಿನ ದೊಡ್ಡ ಕಲ್ಲಿನ ಬಸವಣ್ಣನಿಗೆ ಕೈ ಮುಗಿದು ಹೊರಗೆ ಬಂದವನೇ, "ಇದರ ಹಲ್ಲು ನೋಡಿದವರಿಲ್ಲ, ಅದಕ್ಕ ಇನ್ನೂ ರೇಟು ಆಗಿಲ್ಲ" ಎಂದು ಪೂಜಾರಿಯಿಂದ ಬೈಸಿಕೊಂಡವನು. ಆವತ್ತಿನಿಂದ ನಾವು ಎಲ್ಲಿ ಕುಳಿತರೂ ವಿಯೆನ್ನಾದ ಮಾತು ಬರುತ್ತಿತ್ತು. ಪಾಸ್‌ಪೋರ್ಟು ಇಬ್ಬರಿಗೂ ಇತ್ತು; ನಾಟಿ ಯಂತ್ರ ನೋಡಲು ಚೀನಾಕ್ಕೆ ಹೋಗುವ ಮಾತು ಬಂದಾಗ ಮಾಡಿಸಿ, ಹೋಗದೆ, ಹಾಗೇ ಇಟ್ಟುಕೊಂಡದ್ದು. ಮುಂದಿನ ವರ್ಷ ಹೋಗೋಣ ಎಂದುಕೊಂಡೆವು. ಮುಂದಿನ ವರ್ಷ ಅವನಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು, ಮಾತು, ಮೂರೂ ಹೋದವು. ಕಾಲು ಸ್ವಲ್ಪ ಮರಳಿತು. ಮಾತು ಮರಳಲಿಲ್ಲ.

ಈಗ ಟವೆಲಿನ ವಿಷಯ ಹೇಳಬೇಕು. ಸಂತೆಯಲ್ಲಿ ಎತ್ತಿನ ದರವನ್ನು ಬಾಯಿಬಿಟ್ಟು ಹೇಳುವುದಿಲ್ಲ. ಇಬ್ಬರೂ ಬಲಗೈ ಚಾಚುತ್ತಾರೆ, ಮೇಲೆ ಟವೆಲ್ ಹಾಕುತ್ತಾರೆ. ಒಬ್ಬ ಇನ್ನೊಬ್ಬನ ಬೆರಳು ಹಿಡಿದು ಒತ್ತುತ್ತಾನೆ. ತೋರುಬೆರಳೊಂದೇ ಆದರೆ ಒಂದು, ಜೊತೆಗೆ ನಡುಬೆರಳು ಸೇರಿದರೆ ಎರಡು, ಪೂರಾ ಅಂಗೈ ಆದರೆ ಐದು. ನೂರೋ ಸಾವಿರವೋ ಎಂಬುದು ಇಬ್ಬರಿಗೂ ಗೊತ್ತೇ ಇರುತ್ತದೆ. ಸುತ್ತ ನಿಂತವರಿಗೆ ಕಾಣುವುದು ಟವೆಲ್ ಅಲ್ಲಾಡುವುದಷ್ಟೇ. ಒಪ್ಪಿಗೆಯಿಲ್ಲದವನು ಕೈ ಹಿಂದಕ್ಕೆ ಎಳೆದುಕೊಂಡರೆ ಮುಗಿಯಿತು. ಪಾಲುದಾರರಾದ ಮೇಲೂ ನಾವಿಬ್ಬರೂ ಈ ಆಟ ಬಿಡಲಿಲ್ಲ. ಹೋಟೆಲಿನಲ್ಲಿ ಇಡ್ಲಿ ಎಷ್ಟು ಹೇಳೋಣ ಎಂಬುದನ್ನೂ ಟವೆಲಿನ ಕೆಳಗೇ ತೀರ್ಮಾನಿಸಿ ಮಾಣಿಗಳನ್ನು ನಗಿಸುತ್ತಿದ್ದೆವು.

ಲಕ್ವ ಹೊಡೆದ ಮೊದಲ ತಿಂಗಳುಗಳಲ್ಲಿ ಹೋಗಿ ಕುಳಿತು ಮಳೆ ಬೆಳೆ ಎಂದು ನಾನೊಬ್ಬನೇ ಮಾತಾಡಿ ಬರುತ್ತಿದ್ದೆ. ಅವನು ಗೋಡೆ ನೋಡುತ್ತಿದ್ದ. ಒಂದು ದಿನ ಏನೋ ಹೊಳೆದು ಹೆಗಲ ಮೇಲಿನ ಟವೆಲನ್ನು ಅವನ ಎಡಗೈ ಮೇಲೆ ಹಾಕಿ, ಒಳಗೆ ನನ್ನ ಕೈ ತೂರಿಸಿ, "ಭತ್ತ ಈ ಸಲ ಎಷ್ಟು ಸಾವಿರಕ್ಕ ಹೋಗತೈತಿ ಹೇಳಲೇ" ಎಂದೆ. ನಮ್ಮ ಕಸುಬಿನಲ್ಲಿ ಎಡಗೈ ಮಾತು ಮಾತಲ್ಲ. ಆದರೂ ಅವನು ನನ್ನ ಎರಡು ಬೆರಳು ಹಿಡಿದು ಒತ್ತಿದ. ಗಟ್ಟಿಯಾಗಿ ಒತ್ತಿದ. ಮುಖದ ಒಂದು ಕಡೆ ನಗು ಬಂತು. ಆ ಸಂಜೆ ಬಸ್ಸಿನಲ್ಲಿ ಬಳ್ಳಾರಿಗೆ ಬರುವಾಗ ಪಕ್ಕದಲ್ಲಿ ಕುಳಿತ ಗುರುತಿಲ್ಲದವನಿಗೆ ಇದನ್ನೆಲ್ಲ ಹೇಳಿದೆ. ಅವನು ತನ್ನ ಊರು ಬರುವ ಮೊದಲೇ ಇಳಿದುಹೋದನೇನೋ ಎಂದು ಆಮೇಲೆ ಅನುಮಾನ ಬಂತು.

ಟ್ರಾವೆಲ್ ಆಫೀಸಿನಲ್ಲಿ ಜೋಡಿ ದರ ಕೇಳಿದ ವಾರವೇ ಸಿರುಗುಪ್ಪಕ್ಕೆ ಹೋದೆ. ಮಂಚದ ಮೇಲೆ ಅವನ ಎಡಕ್ಕೆ ಕುಳಿತು ಟವೆಲ್ ಹಾಸಿದೆ.

"ವಿಯೆನ್ನಾಕ ರೇಟು ಕೇಳೀನಿ. ಬೀಗರನ್ನ ನೋಡಾಕ. ಎಷ್ಟು ಮಂದಿ ಹೋಗಾನ?"

ಎರಡು ಬೆರಳು ಒತ್ತಿದ.

ನನಗೆ ಕುಣಿಯಬೇಕೆನಿಸಿತು. ದಲಾಲಿ ತನ್ನ ಸಂತೋಷವನ್ನು ಮುಖದ ಮೇಲೆ ತರಬಾರದು, ದರ ಏರುತ್ತದೆ. ಆದ್ದರಿಂದ ಸುಮ್ಮನೆ ಮೀಸೆ ತೀಡಿಕೊಂಡು, "ಎಷ್ಟು ರಾತ್ರಿ ಇರಾನ?" ಎಂದೆ. ಮತ್ತೆ ಎರಡು. ನಾನು ಅವನ ನಾಲ್ಕು ಬೆರಳು ಒತ್ತಿದೆ. ಅವನು ಎರಡು. ನಾನು ಮತ್ತೆ ನಾಲ್ಕು. ಅವನು ಎರಡು.

"ಲೇ, ಎರಡು ರಾತ್ರಿಗಿ ಅಷ್ಟು ದೂರ ಯಾರಾರ ಹೋಗ್ತಾರೇನಲೇ? ಹೋಗಿ ಮಕ ತೊಳಕೊಂಡು ವಾಪಸ್ ಬರಾಕ ಅದೇನು ಬಳ್ಳಾರಿ ಮಗ್ಗಲ ಹಲಕುಂದಿ ಮಠ ಏನು?"

ಅವನು ನಕ್ಕ. ನಾನೂ ನಕ್ಕೆ. ಅವನ ಹೆಂಡತಿ ಚಹಾ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದಳು. ಏನೋ ಹೇಳಲು ಬಾಯಿ ತೆರೆದವಳು, "ಸಕ್ರಿ ಕಡಿಮಿ ಹಾಕೀನಿ ಅಣ್ಣಾ" ಎಂದಷ್ಟೇ ಹೇಳಿ ಲೋಟ ಕೊಟ್ಟಳು.

ಹಿಂತಿರುಗುವಾಗ ನೇರ ದಾರಿ ಬಿಟ್ಟು ಸುತ್ತು ಹಾಕಿ ಕುರುಗೋಡಿಗೆ ಹೋದೆ. ಅಲ್ಲಿ ಈಗ ನಮ್ಮವರು ಯಾರೂ ಇಲ್ಲ. ಸುಮ್ಮನೆ ಬೆಟ್ಟದ ಬಂಡೆಗಳನ್ನು ನೋಡುತ್ತಾ ಬಸ್ ಸ್ಟ್ಯಾಂಡಿನ ಮಿರ್ಚಿ ತಿಂದು, ಪರಿಚಯದ ಮುಖ ಕಂಡರೆ ವಿಯೆನ್ನಾದ ಸುದ್ದಿ ಹೇಳೋಣವೆಂದು ನಿಂತೆ. ಯಾವ ಮುಖವೂ ಕಾಣಲಿಲ್ಲ. ಮಿರ್ಚಿ ಕರಿಯುವವನಿಗೇ ಹೇಳಿದೆ. "ಚಲೋ ಆತ್ ಬಿಡ್ರಿ. ಇನ್ನೊಂದ್ ಪ್ಲೇಟ್ ಕೊಡ್ಲೇನು?" ಎಂದ.

ಆಮೇಲಿನ ವಾರಗಳಷ್ಟು ಸಡಗರದಲ್ಲಿ ನಾನು ಈಚೆಗೆ ಇದ್ದದ್ದೇ ಇಲ್ಲ. ಇಬ್ಬರ ಹೆಸರಿಗೆ ಮುಂಗಡ ಕೊಟ್ಟೆ. ಪ್ರವಾಸ ಹೂಡುವವರು ನೋಡುವ ಜಾಗಗಳ ಪಟ್ಟಿ ಮಾಡುತ್ತಾರೆ, ಅದು ತಪ್ಪು. ಮೊದಲು ಕೂರುವ ಜಾಗ ಗೊತ್ತು ಮಾಡಿಕೊಳ್ಳಬೇಕು. ವಿಯೆನ್ನಾದಲ್ಲಿ ಹಳೆಯ ಕಾಫಿ ಮನೆಗಳಿವೆಯಂತೆ. ಒಂದು ಕಾಫಿ ಹೇಳಿ, ಜೊತೆಗೆ ಕೊಡುವ ಒಂದು ಲೋಟ ನೀರು ಇಟ್ಟುಕೊಂಡು ಸಂಜೆಯವರೆಗೆ ಕುಳಿತರೂ ಯಾರೂ ಎಬ್ಬಿಸುವುದಿಲ್ಲವಂತೆ. ಕಾಲು ಎಳೆದು ನಡೆಯುವವನಿಗೆ ಇದಕ್ಕಿಂತ ಒಳ್ಳೆಯ ಊರು ಯಾವುದು? ಹಳೆ ಪೇಟೆಯ ಸುತ್ತ ಟ್ರಾಮ್ ಓಡುತ್ತದೆ, ಏರಿ ಕುಳಿತರೆ ಅರಮನೆಯ ಹೊರಗೋಡೆಗಳೆಲ್ಲ ಕಿಟಕಿಯಲ್ಲೇ ಬಂದುಹೋಗುತ್ತವೆ. ಟ್ರಾಮ್ ನಿಲ್ಲುವಲ್ಲಿಗೆ ಹತ್ತಿರದ ಹೋಟೆಲ್ ಬೇಕು, ಲಿಫ್ಟ್ ಇರಬೇಕು, ಬಚ್ಚಲಿನಲ್ಲಿ ಹಿಡಿದುಕೊಳ್ಳಲು ಸರಳು ಇರಬೇಕು ಎಂದು ಆ ಹುಡುಗಿಯ ಜೀವ ತಿಂದೆ. ದೊಡ್ಡ ಇಗರ್ಜಿಯ ಮುಂದೆ ಜೋಡಿ ಕುದುರೆಯ ಸಾರೋಟುಗಳು ನಿಂತಿರುತ್ತವೆ.

"ಅಲ್ಲಿ ಚೌಕಾಸಿ ನಡಿಯಲ್ಲ ಅಂಕಲ್, ರೇಟು ಬೋರ್ಡಿನಾಗ ಬರದಿರತಾರ" ಎಂದಳು.

"ಬರದಿರ್ಲಿ ಬಿಡು. ನಾವಿಬ್ಬರು ಹೋಗಿ ಕುದುರಿ ಹಲ್ಲು ಬಿಡಿಸಿ ನೋಡಾಕ ಹತ್ತಿದ್ರ ಅವರ ಎದಿ ಅಲ್ಲಾಡತೈತಿ" ಎಂದೆ.

ಆಕೆ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಆ ನಗುವಿಗಾಗಿಯೇ ಎರಡು ದಿನಕ್ಕೊಮ್ಮೆ ಏನಾದರೂ ನೆಪ ಹುಡುಕಿ ಆಫೀಸಿಗೆ ಹೋಗುತ್ತಿದ್ದೆನೆಂದು ಈಗ ಅನಿಸುತ್ತದೆ. ಒಂದು ದಿನ ಆಕೆ, ವೀಸಾಕ್ಕೆ ಇಬ್ಬರೂ ಬೆಂಗಳೂರಿಗೆ ಹೋಗಿ ಕೈಬೆರಳಿನ ಗುರುತು ಕೊಟ್ಟು ಬರಬೇಕು ಎಂದಳು. ಕಾರು ಗೊತ್ತು ಮಾಡಿ, ದಿನ ಹೇಳಿ ಬರೋಣವೆಂದು ಸಿರುಗುಪ್ಪಕ್ಕೆ ಹೋದೆ.

ಅವನು ಒಳಗೆ ಮಲಗಿದ್ದ. ಹೆಂಡತಿ ಪಡಸಾಲೆಯಲ್ಲಿ ಶೇಂಗಾ ಸುಲಿಯುತ್ತಿದ್ದಳು. ಕಾರು, ಬೆಂಗಳೂರು, ಬೆರಳಿನ ಗುರುತು ಎಲ್ಲ ಹೇಳಿದೆ. ಅವಳು ಸುಲಿಯುವುದನ್ನು ನಿಲ್ಲಿಸಿದಳು.

"ಅಣ್ಣಾ, ನೀವು ಸಿಟ್ಟಾಗಬಾರದು."

"ಖರ್ಚಿನ ಮಾತು ಇದ್ರ ಬ್ಯಾಡ ತಂಗಿ. ಅದು ನಂದು."

"ಖರ್ಚಿಂದಲ್ಲ. ಒಳಗ ಬರ್ರಿ."

ಅವನು ಎಚ್ಚರಾಗಿದ್ದ. ನನ್ನನ್ನು ಕಂಡು ಮುಖದ ಎಡಭಾಗದಲ್ಲಿ ನಕ್ಕ. ಅವಳು ಮಂಚದ ಮೇಲೆ ಕುಳಿತು ನನ್ನ ಟವೆಲನ್ನೇ ಇಸಿದುಕೊಂಡು ಅವನ ಕೈ ಮೇಲೆ ಹಾಕಿ, ಒಳಗೆ ತನ್ನ ಕೈ ಇಟ್ಟಳು.

"ಊಟಕ್ಕ ಎಷ್ಟು ರೊಟ್ಟಿ ಹಾಕ್ಲಿ?" ಎಂದು ಕೇಳಿ, ನನಗೆ ಕಾಣುವಂತೆ ಟವೆಲಿನ ತುದಿ ಎತ್ತಿದಳು. ಎರಡು ಬೆರಳು ಹಿಡಿದಿದ್ದ.

"ನಮಗ ಮಕ್ಳು ಎಷ್ಟು?"

ಅವರಿಗೆ ಮೂವರು ಮಕ್ಕಳು. ಎರಡೇ ಬೆರಳು ಒತ್ತಿದ.

"ನಾನು ಯಾರು?" ಎಂದಳು.

ಅದಕ್ಕೂ ಎರಡು ಬೆರಳು. ಅಷ್ಟೇ ಗಟ್ಟಿಯಾಗಿ, ಅಷ್ಟೇ ನಗುತ್ತಾ.

ಭತ್ತದ ದರವೂ ಆಗ ಕ್ವಿಂಟಲಿಗೆ ಎರಡು ಸಾವಿರದ ಆಸುಪಾಸಿನಲ್ಲೇ ಇತ್ತು. ನಾನು ಕೇಳಿದ್ದಕ್ಕೆಲ್ಲ ಎರಡು ಎಂಬುದು ಹೇಗೋ ಹೊಂದಿಕೊಂಡು ಬಂದಿತ್ತು. ಹೊಂದದೆ ಇದ್ದಾಗ ನಾನೇ ಹೊಂದಿಸಿಕೊಂಡು ನಕ್ಕಿದ್ದೆ. ಕಾಲು ಕುಂಟುವ ಎತ್ತನ್ನು ಒಡೆಯ ಎಷ್ಟೇ ಮರೆಮಾಚಿ ನಿಲ್ಲಿಸಿದರೂ ದೂರದಿಂದಲೇ ಹೇಳುತ್ತಿದ್ದವನು ನಾನು. ಓದುವವರಿಗೆ ಒಂದು ಮಾತು ಹೇಳುತ್ತೇನೆ, ನೆನಪಿಟ್ಟುಕೊಳ್ಳಿ. ನಿಮಗೆ ತೀರಾ ಬೇಕಾದದ್ದನ್ನು ಕೊಳ್ಳುವಾಗ ನೀವು ಹೋಗಬೇಡಿ, ಬೇರೆಯವರನ್ನು ಕಳಿಸಿ. ಬೇಕು ಎನ್ನುವವನ ಕಣ್ಣಿಗೆ ಕುಂಟು ಕಾಣುವುದಿಲ್ಲ.

"ಹೋದ ಸಲಾನ ಯಾಕ ಹೇಳ್ಲಿಲ್ಲ ತಂಗಿ?"

"ನೀವು ಬಂದು ಟವೆಲ್ ಹಾಸಿದ ದಿನ ನಕ್ಕೊಂತ ಉಣ್ತಾರ ಅಣ್ಣಾ. ಉಳಿದ ದಿನ ಬಾಯಿಗಿ ಹಾಕಿದ್ದು ಉಗುಳತಾರ. ನಾ ಯಾಕ ಕೆಡಿಸ್ಲಿ ಅಂತ ಸುಮ್ನಿದ್ದೆ. ನೀವು ಬೆಂಗಳೂರು ಅಂದ್ರಿ, ಇನ್ನ ತಡಿಯಾಕ ಆಗ್ಲಿಲ್ಲ."

ಅವಳು ಎದ್ದು ಜಾಗ ಬಿಟ್ಟುಕೊಟ್ಟಳು. ನಾನು ಕುಳಿತು ಟವೆಲಿನ ಒಳಗೆ ಕೈ ಇಟ್ಟೆ. ಈ ಸಲ ಏನೂ ಕೇಳಲಿಲ್ಲ. ಅವನ ತೋರುಬೆರಳೊಂದನ್ನೇ ಹಿಡಿದು ಒತ್ತಿದೆ. ಅವನು ನನ್ನ ಎರಡು ಬೆರಳು ಹಿಡಿದ. ಹಿಡಿದವನು ಬಿಡಲಿಲ್ಲ. ಮೊದಲು ಕೈ ಎಳೆದುಕೊಂಡವನು ನಾನೇ.

ಹೊರಗೆ ಬಂದು ಚಪ್ಪಲಿ ಹುಡುಕುವಾಗ ಅವಳು, "ನೀವು ಹೋಗಿ ಬರ್ರಿ ಅಣ್ಣಾ. ಬಂದು ಕುದುರಿ ಹೆಂಗಿದ್ವು ಅಂತ ಅವರ ಮುಂದ ಹೇಳ್ರಿ" ಎಂದಳು.

"ಒಬ್ಬನ ಏನು ಹೋಗಾದು ತಂಗಿ."

"ಇಲ್ಲೇನು ಜೋಡಿ ಅದೀರಾ?"

ಕೊಂಕಿನಿಂದ ಆಡಿದ ಮಾತಲ್ಲ ಅದು. ಶೇಂಗಾದ ಮೊರ ಕೈಗೆತ್ತಿಕೊಳ್ಳುತ್ತಾ, ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ನನ್ನ ಜೊತೆ ಚೌಕಾಸಿಯಲ್ಲಿ ಗೆದ್ದವರು ಕಡಿಮೆ. ಆ ಕಡಿಮೆಯವರಲ್ಲಿ ಅವಳನ್ನೂ ಸೇರಿಸಿಕೊಂಡು ಚಪ್ಪಲಿ ಮೆಟ್ಟಿದೆ.

ಬಸ್ಸಿಗೆ ನಿಂತಾಗ ಲೆಕ್ಕ ಹಾಕಿ ನೋಡಿದೆ. ಹೋಗದಿದ್ದರೆ ಸತ್ಯನಾರಾಯಣಪೇಟೆಯ ಮನೆಯಲ್ಲಿ ಒಬ್ಬನೇ. ಹೋದರೆ ವಿಯೆನ್ನಾದಲ್ಲಿ ಒಬ್ಬನೇ. ಅಲ್ಲಾದರೆ ಕುದುರೆಗಳಾದರೂ ಇರುತ್ತವೆ. ಬಂದ ಮೇಲೆ ಕೇಳಲು ಎರಡು ಕಿವಿಗಳೂ ಇವೆ; ಅವನಿಗೆ ತಿಳಿಯುತ್ತದೋ ಇಲ್ಲವೋ, ನನಗೆ ಹೇಳಬೇಕಾಗಿದೆ.

ಮರುದಿನ ಆಫೀಸಿಗೆ ಹೋಗಿ ಒಂದು ಹೆಸರು ತೆಗೆಯಲು ಹೇಳಿದೆ. ಹುಡುಗಿ ಕೀಲಿಗಳ ಮೇಲೆ ಬೆರಳಾಡಿಸಿ, "ಒಬ್ಬರಿಗಾದ್ರೂ ಎರಡು ಮಂಚದ ರೂಮೇ ಅಗ್ಗ ಬರತೈತಿ ಅಂಕಲ್. ಅದೇ ಇರ್ಲೇನು?" ಎಂದಳು.

"ಬ್ಯಾಡ ತಾಯಿ. ಒಂದೇ ಮಂಚದ್ದು ನೋಡು."

"ರೇಟು ಹೆಚ್ಚಾಗತೈತಿ."

"ಆಗ್ಲಿ."

ಆಕೆ ಹುಡುಕಿದಳು. ಮೇಲಿನ ಅಂತಸ್ತಿನಲ್ಲಿ, ಮಾಳಿಗೆಯ ಇಳಿಜಾರಿನ ಕೆಳಗೆ ಒಂದು ಕೋಣೆ ಸಿಕ್ಕಿತು. ಚಿತ್ರದಲ್ಲಿ ಗೋಡೆಗೆ ಹತ್ತಿಸಿದ ಒಂದು ಕಿರಿದಾದ ಮಂಚ, ಒಂದು ಕುರ್ಚಿ, ಅಂಗೈಯಗಲ ಕಿಟಕಿ.

"ಸಣ್ಣದೈತಿ ಅಂಕಲ್. ಕಿಟಕಿಯಿಂದ ಹೆಂಚು ಬಿಟ್ರ ಏನೂ ಕಾಣಲ್ಲ."

ಅದನ್ನೇ ಗೊತ್ತು ಮಾಡಿಸಿದೆ. ಬೆಂಗಳೂರಿಗೆ ಒಬ್ಬನೇ ಹೋಗಿ ಗುರುತು ಕೊಟ್ಟು ಬಂದೆ, ವೀಸಾ ಬಂದಿದೆ. ಚಳಿಗೆಂದು ಒಂದು ಕೋಟು ಕೊಂಡೆ. ಒಬ್ಬರೇ ಪ್ರವಾಸ ಹೊರಡುವವರು ಯಾರಾದರೂ ಇದನ್ನು ಓದುತ್ತಿದ್ದರೆ, ಎರಡು ಮಂಚದ ಕೋಣೆ ಅಗ್ಗಕ್ಕೆ ಸಿಕ್ಕಿತೆಂದು ತೆಗೆದುಕೊಳ್ಳಬೇಡಿ. ಇನ್ನೊಂದು ಮಂಚದ ಮೇಲೆ ಹಾಸಿಗೆ ಬಿಗಿಯಾಗಿ ಹಾಸಿರುತ್ತದೆ, ಬೆಳಗಾದರೂ ಹಾಗೆಯೇ ಇರುತ್ತದೆ.